ಹಂಚಿನ ಮನೆಯ ಸ್ವರ, ಟೆರೇಸ್ ಮನೆಯ ಗುಂಯ್: ನೀರ್ಚಾಲಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆಯ ಒಂದು ಮನೆ. ಯಜಮಾನರು ನಿವೃತ್ತ ಕನ್ನಡ ಅಧ್ಯಾಪಕರು. ಹೆಸರು ಬೇಡ, ಊರವರು ಕರೆಯುವ ಹಾಗೆ ಮಾಷ್ಟ್ರು ಅಂತಲೇ ಇರಲಿ. ಅವರ ಹತ್ತಿರ ಒಂದು ಕಪಾಟು ತುಂಬ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಪದ ಮತ್ತು ಮಾತಿನಿಂದಲೇ ನಡೆಯುವ ಯಕ್ಷಗಾನ) ಕ್ಯಾಸೆಟ್‌ಗಳಿವೆ. ಮಗಳು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಕೊಟ್ಟಿದ್ದಾಳೆ. ಜೊತೆಗೆ ಕರ್ನಾಟಕ ಸಂಗೀತದ ಸಿಡಿಗಳು, ಹಳೆಯ ಭಾವಗೀತೆಗಳು.

ಮಾಷ್ಟ್ರ ದೂರು ಸರಳವಾಗಿತ್ತು. ಹಳೆಯ ಮನೆಯಲ್ಲಿ ಒಂದು ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ಅರ್ಥಧಾರಿಯ, ಅಂದರೆ ಪಾತ್ರವಾಗಿ ಮಾತಾಡುವವರ, ಪ್ರತಿ ಮಾತೂ ತಿಳಿಯುತ್ತಿತ್ತು. ಹೊಸ ಮನೆಗೆ ಬಂದು, ಅಂಗಡಿಯಿಂದ ಹೋಮ್ ಥಿಯೇಟರ್ ಸೆಟ್ ತಂದ ಮೇಲೆ ಮಾತು ತಿಳಿಯುವುದಿಲ್ಲ. ಮದ್ದಳೆ ಬಡಿದರೆ ಕೋಣೆಯೆಲ್ಲ ಗುಂಯ್‌ಗುಡುತ್ತದೆ. ತಂಬೂರದ ಶ್ರುತಿ ಹಾಡುವವರನ್ನೇ ಮುಳುಗಿಸುತ್ತದೆ. ಸೆಟ್ ಕೊಟ್ಟ ಅಂಗಡಿಯವರು, ಈ ಸಬ್‌ವೂಫರ್ (ತಗ್ಗು ಸ್ವರಕ್ಕೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ಸಣ್ಣದಾಯಿತು, 12 ಇಂಚಿನದು ಹಾಕಿ ಎಂದರಂತೆ. ಅದನ್ನು ಕೊಳ್ಳಲು ಹೊರಟಿದ್ದಾಗ ಮಗಳು ನನ್ನನ್ನು ಕರೆದಳು. ಮಾಷ್ಟ್ರ ಕೈಯಲ್ಲಿ ಸುಮಾರು ಒಂದು ಲಕ್ಷ ರೂಪಾಯಿ ಇತ್ತು.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣ ಇದೆ. ನಮ್ಮ ಕಡೆ ಹಂಚಿನ ಮನೆ ಬಿಟ್ಟು ಟೆರೇಸ್ ಮನೆಗೆ ಹೋದ ಎಷ್ಟೋ ಮಂದಿ ಇದೇ ತೊಂದರೆಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಬೈಯುವುದು ಸ್ಪೀಕರನ್ನು. ತಪ್ಪು ಹೆಚ್ಚಾಗಿ ಇರುವುದು ಸ್ಪೀಕರ್ ಇಟ್ಟ ಜಾಗದಲ್ಲಿ ಮತ್ತು ನಾವು ಕೂತ ಜಾಗದಲ್ಲಿ.

ಮನೆ ಬದಲಾದಾಗ ಏನಾಯಿತು

ಹಳೆಯ ಮನೆ ಮಂಗಳೂರು ಹಂಚಿನದು. ಹಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ಮರದ ಕಿಟಕಿ ಬಾಗಿಲುಗಳು ಅಲುಗಾಡುತ್ತವೆ. ಬೇಸ್, ಅಂದರೆ ತಗ್ಗು ಸ್ವರ, ಅಂಥ ಮಾಡಿನ ಮೂಲಕ ಹೊರಗೆ ಹೋಗಿಬಿಡುತ್ತದೆ. ಇಳಿಜಾರು ಮಾಡು, ಪಕ್ಕಾಸು, ರೀಪು, ಅಟ್ಟ ಎಲ್ಲ ಸೇರಿ ಮೇಲಿನ ಸ್ವರಗಳನ್ನು ಬೇರೆ ಬೇರೆ ದಿಕ್ಕಿಗೆ ಚದುರಿಸುತ್ತವೆ. ಯಾರೂ ಶಬ್ದದ ಲೆಕ್ಕ ಹಾಕಿ ಕಟ್ಟಿದ ಮನೆಯಲ್ಲ. ಆದರೂ ಮಾತು ಕೇಳಲು ಒಳ್ಳೆಯ ಮನೆ.

ಹೊಸ ಮನೆ ಮುರಕಲ್ಲಿನ ದಪ್ಪ ಗೋಡೆ, ಸಿಮೆಂಟ್ ಗಾರೆ, ಮೇಲೆ ಕಾಂಕ್ರೀಟ್, ಕೆಳಗೆ ಹೊಳೆಯುವ ಟೈಲ್ಸ್, ಗಾಜಿನ ಕಿಟಕಿ. ಸಂಗೀತ ಕೇಳುವ ಕೋಣೆ 5.2 ಮೀಟರ್ ಉದ್ದ, 3.5 ಮೀಟರ್ ಅಗಲ, 3 ಮೀಟರ್ ಎತ್ತರ. ಆರೂ ಮುಖ ಗಟ್ಟಿ. ಬೇಸ್ ಹೊರಗೆ ಹೋಗಲು ದಾರಿಯಿಲ್ಲ. ನಡುವೆ ನಿಂತು ಒಂದು ಚಪ್ಪಾಳೆ ಹೊಡೆದರೆ ಸಾಕು, ಟ್ರ್‌ರ್‌ರ್ ಎಂದು ಬಾಲ ಬರುತ್ತಿತ್ತು.

ಎರಡು ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಹಿಂದೆ ಮುಂದೆ ಬಡಿಯುತ್ತಾ, ಬೇಗ ಆರದೆ ನಿಂತುಬಿಡುತ್ತವೆ. ಲೆಕ್ಕ ಕಷ್ಟವಲ್ಲ: ಶಬ್ದದ ವೇಗವನ್ನು ಗೋಡೆಗಳ ದೂರದ ಎರಡರಷ್ಟರಿಂದ ಭಾಗಿಸಿದರೆ ಮೊದಲನೆಯದು ಸಿಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಹಾಗಾಗಿ ಈ ಕೋಣೆಯ ಉದ್ದಕ್ಕೆ 33 ಹರ್ಟ್ಸ್ (ಸೆಕೆಂಡಿಗೆ 33 ಕಂಪನ), ಅದರ ಎರಡರಷ್ಟು 66.5. ಅಗಲಕ್ಕೆ 49. ಎತ್ತರಕ್ಕೆ 58.

ಈಗ ತಂಬೂರ ನೋಡಿ. ಗಂಡಸರು ಹಾರ್ಮೋನಿಯಂನ ಬಿಳಿ ಒಂದು ಶ್ರುತಿಯಲ್ಲಿ ಹಾಡಿದರೆ ಷಡ್ಜ ಸುಮಾರು 131 ಹರ್ಟ್ಸ್. ತಂಬೂರದ ಮಂದ್ರ ಷಡ್ಜದ ತಂತಿ ಅದರ ಅರ್ಧ, 65.4. ಕೋಣೆ ಗುಂಯ್‌ಗುಡುವ 66.5ಕ್ಕೂ ಇದಕ್ಕೂ ಎಷ್ಟು ಹತ್ತಿರ! ಕಚೇರಿ ಪೂರ್ತಿ ಒಂದೇ ತಂತಿ ಕೋಣೆಯನ್ನು ಕೆಣಕುತ್ತಲೇ ಇರುತ್ತದೆ. ಮಾಷ್ಟ್ರ ಕಿವಿ ಸರಿಯಾಗಿಯೇ ಹೇಳಿತ್ತು.

ಅವರು ಕೂರುತ್ತಿದ್ದದ್ದು ಹಿಂದಿನ ಗೋಡೆಗೆ ತಾಗಿಸಿದ ಸೋಫಾದಲ್ಲಿ. ಹೆಚ್ಚಿನ ಮನೆಗಳಲ್ಲಿ ಸೋಫಾ ಇರುವುದು ಅಲ್ಲೇ ಅಲ್ವಾ? ಆ ಗೋಡೆಯ ಬುಡದಲ್ಲಿ ಕೋಣೆಯ ಉದ್ದದ ಈ ಸ್ವರಗಳ ಒತ್ತಡ ಅತಿ ಹೆಚ್ಚು. ಸಬ್‌ವೂಫರ್ ಇದ್ದದ್ದು ಎದುರಿನ ಮೂಲೆಯಲ್ಲಿ. ಮೂಲೆಯಲ್ಲಿಟ್ಟ ಸಬ್ ಕೋಣೆಯ ಎಲ್ಲ ಗುಂಯ್‌ಗಳನ್ನೂ ಪೂರ್ತಿ ಎಬ್ಬಿಸುತ್ತದೆ. ಎಬ್ಬಿಸುವ ಜಾಗದಲ್ಲಿ ಸಬ್, ಜಾಸ್ತಿ ಕೇಳುವ ಜಾಗದಲ್ಲಿ ಕಿವಿ. ಮಿನಿಡಿಎಸ್‌ಪಿಯ ಯುಮಿಕ್-1 ಮೈಕನ್ನು ಸೋಫಾದಲ್ಲಿ ನಿಲ್ಲಿಸಿ, ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಜರ್ಡ್ ತಂತ್ರಾಂಶದಲ್ಲಿ ಅಳೆದಾಗ ನಕ್ಷೆಯ ಗೆರೆಯಲ್ಲಿ 66ರ ಹತ್ತಿರ ಸುಮಾರು 14 ಡೆಸಿಬೆಲ್ ಎತ್ತರದ ಗುಡ್ಡ ಕಂಡಿತು. ಇಲ್ಲಿ 12 ಇಂಚಿನ ಸಬ್ ತಂದಿದ್ದರೆ ಆ ಗುಡ್ಡ ಇನ್ನೂ ಬೆಳೆಯುತ್ತಿತ್ತು, ಅಷ್ಟೆ.

ಅರ್ಥಧಾರಿ ಮೂಲೆಯಿಂದ ಮಾತಾಡಿದ್ದೇಕೆ

ಎರಡನೆಯ ತೊಂದರೆ ಸೆಟ್‌ನದ್ದೇ. ಅದರಲ್ಲಿದ್ದ ಸ್ಪೀಕರ್‌ಗಳು ಅಂಗೈಯಗಲದವು. ಅಷ್ಟು ಸಣ್ಣ ಸ್ಪೀಕರ್ 150 ಹರ್ಟ್ಸ್‌ಗಿಂತ ಕೆಳಗೆ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಕೆಳಗಿನದ್ದೆಲ್ಲ ಸಬ್‌ಗೆ ಹೋಗುತ್ತದೆ. ಗಂಡಸರು ಮಾತಾಡುವಾಗ ಸ್ವರದ ಬುಡ ಸುಮಾರು 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಅಂದರೆ ಅರ್ಥಧಾರಿಯ ಎದೆಯ ಸ್ವರ ಮೂಲೆಯ ಸಬ್‌ನಿಂದ, ತುಟಿ ನಾಲಗೆಯ ಸ್ವರ ಟಿವಿ ಪಕ್ಕದ ಸಣ್ಣ ಸ್ಪೀಕರ್‌ನಿಂದ. ಒಬ್ಬ ಮನುಷ್ಯ ಎರಡು ಕಡೆಯಿಂದ ಮಾತಾಡಿದರೆ ಯಾವ ಕಿವಿಗೂ ಹಿತವಾಗದು. ತಗ್ಗು ಸ್ವರ ಎಲ್ಲಿಂದ ಬಂತೆಂದು ಕಿವಿಗೆ ಗೊತ್ತಾಗದು ಎನ್ನುವ ಮಾತು ಸುಮಾರು 80 ಹರ್ಟ್ಸ್‌ವರೆಗೆ ನಿಜ. 150ಕ್ಕೆ ಹೋದರೆ ಸಬ್ ಇರುವ ದಿಕ್ಕು ಗೊತ್ತಾಗಿಯೇ ಆಗುತ್ತದೆ.

ಹಾಗಾಗಿ ಮೊದಲ ತೀರ್ಮಾನ: ಸಬ್‌ವೂಫರ್ ಯೋಚನೆ ಆಮೇಲೆ. 80ರವರೆಗೆ ನೆಮ್ಮದಿಯಿಂದ ಇಳಿಯುವ ಎರಡು ಸ್ಪೀಕರ್ ಮೊದಲು ಬೇಕು.

ದುಡ್ಡು ಬಿಚ್ಚುವ ಮೊದಲು

ಏನನ್ನೂ ಕೊಳ್ಳುವ ಮುಂಚೆ ಕೋಣೆಯ ಕೆಲಸ ಮಾಡಿದೆವು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಇದಕ್ಕೆ ಖರ್ಚು ಕಡಿಮೆ, ಫಲ ಜಾಸ್ತಿ.

ಸೋಫಾವನ್ನು ಪಕ್ಕದ ಕೋಣೆಗೆ ಸಾಗಿಸಿ, ಹಳೆಯ ಮನೆಯ ಆರಾಮ ಕುರ್ಚಿಯನ್ನು ತಂದೆವು. ಅದನ್ನು ಹಿಂದಿನ ಗೋಡೆಯಿಂದ ಕಿವಿಗೆ 1.1 ಮೀಟರ್ ದೂರ ಬರುವ ಹಾಗೆ ಇಟ್ಟೆವು. ಈ ಅಳತೆ ಸುಮ್ನೆ ಅಲ್ಲ. 66.5 ಹರ್ಟ್ಸ್ ಅಲೆಯ ಒತ್ತಡ ಕೋಣೆಯ ಉದ್ದದ ಕಾಲು ಭಾಗದಲ್ಲಿ, ಅಂದರೆ ಗೋಡೆಯಿಂದ 1.3 ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಸೊನ್ನೆ. ಸರಿಯಾಗಿ ಅಲ್ಲೇ ಕೂತರೆ ಆ ಸ್ವರ ಪೂರ್ತಿ ಮಾಯವಾಗುತ್ತದೆ. ಅದೂ ಬೇಡ, ತಂಬೂರ ಕೇಳಬೇಕಲ್ಲ. ಸ್ವಲ್ಪ ಹಿಂದೆ, 1.1ರಲ್ಲಿ, ಲೆಕ್ಕದ ಪ್ರಕಾರ ಅದು ಗೋಡೆ ಬುಡದಲ್ಲಿರುವುದಕ್ಕಿಂತ ಸುಮಾರು 12 ಡೆಸಿಬೆಲ್ ಇಳಿಯುತ್ತದೆ. 33 ಹರ್ಟ್ಸ್ ಮಾತ್ರ ಎರಡು ಡೆಸಿಬೆಲ್ ಅಷ್ಟೇ ಇಳಿಯುತ್ತದೆ. ಒಂದು ಕುರ್ಚಿಯನ್ನು ಒಂದು ಮೀಟರ್ ಮುಂದೆ ಎಳೆದು ಸಿಗುವ ಲಾಭ ಇದು. ಯಾವ ಅಂಗಡಿಯಲ್ಲೂ ಇದನ್ನು ಮಾರುವುದಿಲ್ಲ.

ಆಮೇಲೆ ಬಾಲದ ಸದ್ದು. 1890ರ ದಶಕದಲ್ಲಿ ಹಾರ್ವರ್ಡ್‌ನ ವಾಲೇಸ್ ಸೇಬಿನ್ ಎನ್ನುವವರು ಮಾತು ತಿಳಿಯದ ಒಂದು ಉಪನ್ಯಾಸ ಕೋಣೆಗೆ ಕುರ್ಚಿಯ ಮೆತ್ತೆಗಳನ್ನು ತಂದು ತುಂಬಿ, ಎಷ್ಟು ಮೆತ್ತೆಗೆ ಎಷ್ಟು ಸದ್ದು ಇಳಿಯುತ್ತದೆ ಎಂದು ಅಳೆದರು. ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರಂತೆ ಲೆಕ್ಕ ಹಾಕಿದರೆ ಮಾಷ್ಟ್ರ ಖಾಲಿ ಕೋಣೆಯಲ್ಲಿ ಸದ್ದು ಆರಲು ಒಂದೂವರೆ ಸೆಕೆಂಡಿನಷ್ಟು ಬೇಕು. ಮಾತು ಕೇಳುವ ಮನೆಕೋಣೆಗೆ ಅರ್ಧ ಸೆಕೆಂಡಿನ ಆಸುಪಾಸು ಒಳ್ಳೆಯದು.

ನಮಗೆ ಮೆತ್ತೆ ಹುಡುಕುವ ಕಷ್ಟ ಬರಲಿಲ್ಲ. ಅಟ್ಟದಲ್ಲಿ ಬೂರುಗದ ಹತ್ತಿಯ ಹಳೆಯ ಹಾಸಿಗೆಗಳಿದ್ದವು. ಬಿಸಿಲಿಗೆ ಹಾಕಿ ಕೊಡವಿ, ಕೈಮಗ್ಗದ ಬಟ್ಟೆಯ ಹೊದಿಕೆ ಹಾಕಿ, ಎರಡು ಪಕ್ಕದ ಗೋಡೆಗಳಲ್ಲಿ ಮರದ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿದೆವು. ಜಾಗ ಹುಡುಕಲು ಕನ್ನಡಿ ಬಳಸಿದೆವು: ಕುರ್ಚಿಯಲ್ಲಿ ಒಬ್ಬರು ಕೂತು, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸುತ್ತಾ ಹೋದಾಗ ಸ್ಪೀಕರ್ ಕಾಣಿಸುವ ಜಾಗವೇ ಸದ್ದು ಗೋಡೆಗೆ ತಾಗಿ ಕಿವಿಗೆ ಬರುವ ಜಾಗ. ಹಾಸಿಗೆ ಮತ್ತು ಗೋಡೆ ನಡುವೆ ನಾಲ್ಕು ಬೆರಳು ಗಾಳಿ ಬಿಟ್ಟೆವು. ಇದು ಎರಡು ಕಾರಣಕ್ಕೆ ಬೇಕು. ಸ್ವಲ್ಪ ಕೆಳಗಿನ ಸ್ವರವೂ ಹೀರುತ್ತದೆ, ಮಳೆಗಾಲದಲ್ಲಿ ಗೋಡೆಯ ತೇವ ಹತ್ತಿ ಬೂಸಲು ಹಿಡಿಯುವುದಿಲ್ಲ. ನೆಲಕ್ಕೆ ದಪ್ಪ ಜಮಖಾನ, ಗಾಜಿನ ಕಿಟಕಿಗೆ ನೆರಿಗೆ ಜಾಸ್ತಿ ಇರುವ ಹತ್ತಿ ಪರದೆ. ಪುಸ್ತಕದ ಕಪಾಟನ್ನು ಹಿಂದಿನ ಗೋಡೆಗೆ ತಂದೆವು. ಚಪ್ಪಾಳೆಯ ಬಾಲ ನಿಂತಿತು.

ಒಂದು ವಿಷಯ ಸ್ಪಷ್ಟವಾಗಿರಲಿ. ಹಾಸಿಗೆ, ಪರದೆಗಳಿಂದ 66 ಹರ್ಟ್ಸ್‌ನ ಗುಂಯ್ ಹೋಗುವುದಿಲ್ಲ. ಆ ಅಲೆಯ ಕಾಲು ಭಾಗವೇ 1.3 ಮೀಟರ್ ಇದೆ, ಅಂಗೈ ದಪ್ಪದ ಹತ್ತಿ ಅದನ್ನು ತಡೆಯದು. ಗೋಡೆಗೆ ತೆಳ್ಳನೆಯ ಸ್ಪಂಜ್ ಅಂಟಿಸಿ ಬೇಸ್ ಸರಿಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಬೇಸ್‌ಗೆ ಮದ್ದು ಜಾಗ ಬದಲಾಯಿಸುವುದೇ.

ಸ್ಪೀಕರ್ ಆಯ್ಕೆ

ಮಾಷ್ಟ್ರಿಗೆ ಎತ್ತರದ ಟವರ್ ಸ್ಪೀಕರ್ ಮೇಲೆ ಮನಸ್ಸಿತ್ತು. ನೋಡಲು ಚೆಂದ, ನಿಜ. ನಾನು ಬೇಡ ಎಂದೆ. ಟವರ್‌ನಲ್ಲಿ ಬೇಸ್ ಮತ್ತು ಮೇಲಿನ ಸ್ವರ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಮೇಲಿನ ಸ್ವರಕ್ಕೆ ಒಳ್ಳೆಯ ಜಾಗ ಬೇಸ್‌ಗೆ ಒಳ್ಳೆಯ ಜಾಗ ಆಗಿರುವುದು ಅಪರೂಪ. ಸ್ಟ್ಯಾಂಡ್ ಮೇಲೆ ಇಡುವ ಸ್ಪೀಕರ್ ಮತ್ತು ಬೇರೆ ಸಬ್ ಇದ್ದರೆ ಎರಡನ್ನೂ ಅವುಗಳ ಸರಿಯಾದ ಜಾಗದಲ್ಲಿ ಇಡಬಹುದು. ಆರೂ ಮುಖ ಗಟ್ಟಿಯಿರುವ ಕೋಣೆಯಲ್ಲಿ ಈ ಸ್ವಾತಂತ್ರ್ಯ ತುಂಬ ದೊಡ್ಡದು.

ಮಂಗಳೂರಿಗೆ ಹೋಗಿ ಕೇಳಿದೆವು. ಅಂಗಡಿಯವರ ಡೆಮೊ ಹಾಡು ಬೇಡ ಎಂದು ಮೊದಲೇ ಹೇಳಿ, ಮಾಷ್ಟ್ರ ಪೆನ್‌ಡ್ರೈವ್ ಹಾಕಿಸಿದೆವು. ಅದರಲ್ಲಿ ಅವರಿಗೆ ಬಾಯಿಪಾಠ ಬರುವ ಒಂದು ತಾಳಮದ್ದಳೆಯ ತುಣುಕು, ತಂಬೂರ ಚೆನ್ನಾಗಿ ಕೇಳುವ ಒಂದು ಆಲಾಪನೆ, ಚೆಂಡೆ ಏರುವ ಒಂದು ಯುದ್ಧದ ಪದ. ಅರ್ಥದ ತುಣುಕಿನಲ್ಲಿ ಒತ್ತಕ್ಷರ, ಮಹಾಪ್ರಾಣ ತಿಳಿಯುತ್ತದೆಯೇ ನೋಡಿ ಎಂದೆ. ಕನ್ನಡ ಮಾಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮಾತಿನ ಸ್ಪಷ್ಟತೆ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಕೆಲವು ಸ್ಪೀಕರ್ ಅಲ್ಲಿ ಸ್ವಲ್ಪ ಎತ್ತಿಕೊಟ್ಟು, ಮೊದಲ ಐದು ನಿಮಿಷ ಆಹಾ ಅನ್ನಿಸುತ್ತವೆ. ಚಕ್ರತಾಳ ಬಂದಾಗ ಕಿವಿ ಚುಚ್ಚುತ್ತವೆ. ಅಂಥದ್ದೊಂದನ್ನು ಮಾಷ್ಟ್ರು ತಾವೇ ಪಕ್ಕಕ್ಕಿಟ್ಟರು.

ಕೊನೆಗೆ ಆರಿಸಿದ್ದು ತಗ್ಗು ಸ್ವರಕ್ಕೆ 6.5 ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಟ್ವೀಟರ್ ಇರುವ ಎರಡು ದಾರಿಯ ಜೋಡಿ. ಸೆನ್ಸಿಟಿವಿಟಿ 87 ಡೆಸಿಬೆಲ್. ಆಂಪ್ಲಿಫೈಯರ್ ಎಷ್ಟು ವಾಟ್ ಬೇಕು ಎಂಬ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87. ಕುರ್ಚಿ 3.3 ಮೀಟರ್ ದೂರ, ಅದಕ್ಕೆ ಸುಮಾರು 10 ಕಳೆಯಿರಿ. ಎರಡು ಸ್ಪೀಕರ್‌ಗೆ 3 ಸೇರಿಸಿ. 80 ಆಯಿತು. 50 ವಾಟ್ ಎಂದರೆ ಇನ್ನೂ 17 ಜಾಸ್ತಿ, 97. ಕೋಣೆಯೂ ಸ್ವಲ್ಪ ಸೇರಿಸುತ್ತದೆ. ಮನೆಯಲ್ಲಿ 75ಕ್ಕೆ ಕೇಳುವವರಿಗೆ ಚೆಂಡೆಯ ಏಟಿನ ತುದಿಗೂ ಸಾಕಷ್ಟು ಜಾಗ ಉಳಿಯುತ್ತದೆ. ಸಾವಿರ ವಾಟ್ ಎಂದು ಪೆಟ್ಟಿಗೆ ಮೇಲೆ ಬರೆದಿರುವುದನ್ನು ನೋಡಿ ಕೊಳ್ಳಬೇಕಿಲ್ಲ.

ಆಂಪ್ಲಿಫೈಯರ್ ವಿಷಯದಲ್ಲಿ ಒಂದು ಎಚ್ಚರಿಕೆ. ಎರಡು ಚಾನೆಲ್ ಆಂಪ್‌ಗಳಲ್ಲಿ ಸಬ್ ಔಟ್ ಎಂಬ ತೂತು ಇದ್ದರೂ, ಹೆಚ್ಚಿನವು ಮುಖ್ಯ ಸ್ಪೀಕರ್‌ಗೆ ಹೋಗುವ ಬೇಸನ್ನು ಕತ್ತರಿಸುವುದಿಲ್ಲ. ಹೋಮ್ ಥಿಯೇಟರಿಗೆ ಬಳಸುವ ಆಂಪ್, ಅಂದರೆ ಎವಿ ರಿಸೀವರ್, ಕತ್ತರಿಸುತ್ತದೆ. ಸ್ಪೀಕರನ್ನು ಮೆನುವಿನಲ್ಲಿ ಸ್ಮಾಲ್ ಎಂದು ಇಟ್ಟು, ಕ್ರಾಸ್‌ಓವರ್, ಅಂದರೆ ಸಬ್‌ಗೂ ಸ್ಪೀಕರ್‌ಗೂ ಸ್ವರ ಹಂಚುವ ಗಡಿ, 80 ಎಂದರೆ ಆಯಿತು. ಸಂಗೀತಕ್ಕೇ ಆದರೂ ನಾವು ರಿಸೀವರ್ ಆರಿಸಿದ್ದು ಇದಕ್ಕಾಗಿ.

ಸಬ್‌ವೂಫರ್: ಮುಚ್ಚಿದ ಪೆಟ್ಟಿಗೆ ಯಾಕೆ

ಸಬ್‌ಗಳಲ್ಲಿ ಎರಡು ಮುಖ್ಯ ಜಾತಿ. ಪೆಟ್ಟಿಗೆಯಲ್ಲಿ ತೂತು ಇರುವ ಪೋರ್ಟೆಡ್, ಪೂರ್ತಿ ಮುಚ್ಚಿದ ಸೀಲ್ಡ್. ಪೋರ್ಟೆಡ್ ಅಷ್ಟೇ ವಾಟ್‌ಗೆ ಜಾಸ್ತಿ ಸದ್ದು ಕೊಡುತ್ತದೆ, ಸಿನಿಮಾದ ಸ್ಫೋಟಗಳಿಗೆ ಅದು ಬೇಕು. ಸೀಲ್ಡ್ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್‌ನಲ್ಲಿ ತೋರಿಸಿದ ದಾರಿ ಇದು. ಅದರ ಸದ್ದು ಕೆಳಗೆ ನಿಧಾನವಾಗಿ ಇಳಿಯುತ್ತದೆ, ಮುಚ್ಚಿದ ಕೋಣೆ ತಾನೇ ಕೆಳಗಿನ ಸ್ವರವನ್ನು ಸ್ವಲ್ಪ ಎತ್ತಿಕೊಡುತ್ತದೆ. ಎರಡೂ ಸೇರಿದರೆ ಹದ ಬರುತ್ತದೆ. ಮದ್ದಳೆಯ ಎಡದ ಏಟು ಬಂದು ಹೋಗಬೇಕು, ಬಂದು ಕೂರಬಾರದು. ನಮಗೆ 10 ಇಂಚಿನ ಸೀಲ್ಡ್ ಸಾಕಾಯಿತು.

ನಮ್ಮ ಊರಿನದ್ದೇ ಆದ ಇನ್ನೊಂದು ಕಾರಣವೂ ಇದೆ. ಇಲ್ಲಿ ಯಾವ ತೂತನ್ನು ತೆರೆದಿಟ್ಟರೂ ಕಣಜ ಬಂದು ಮಣ್ಣು ಮೆತ್ತುತ್ತದೆ. ಹಲ್ಲಿ ಮೊಟ್ಟೆಯಿಡುತ್ತದೆ. ಮುಚ್ಚಿದ ಪೆಟ್ಟಿಗೆಗೆ ಆ ಕಾಟ ಇಲ್ಲ. ಹಾಗೆಯೇ ಕೋನ್‌ನ ಅಂಚು ಫೋಮಿನದ್ದು ಬೇಡ, ರಬ್ಬರಿನದ್ದು ಇರಲಿ. ಕರಾವಳಿಯ ಸೆಕೆ, ತೇವಕ್ಕೆ ಫೋಮ್ ಪುಡಿಪುಡಿಯಾಗುತ್ತದೆ.

ಇಟ್ಟ ಬಗೆ

ಸ್ಟ್ಯಾಂಡನ್ನು ಊರಿನ ಆಚಾರಿ ಹಲಸಿನ ಮರದಲ್ಲಿ ಮಾಡಿಕೊಟ್ಟರು. ಕಂಬದ ಒಳಗೆ ಒಣಗಿಸಿದ ಹೊಳೆ ಮರಳು ತುಂಬಿದೆವು. ಕಡಲಿನ ಮರಳು ಬೇಡ, ಉಪ್ಪು ತೇವ ಹೀರಿ ಮೊಳೆ ತುಕ್ಕು ಹಿಡಿಯುತ್ತದೆ. ಆರಾಮ ಕುರ್ಚಿ ತಗ್ಗಿನದು. ಅದರಲ್ಲಿ ಕೂತಾಗ ಕಿವಿ ಇರುವ ಎತ್ತರ ಅಳೆದು, ಟ್ವೀಟರ್ ಅಷ್ಟಕ್ಕೇ ಬರುವ ಹಾಗೆ ಸ್ಟ್ಯಾಂಡಿನ ಎತ್ತರ ಹೇಳಿದ್ದೆವು. ಕುರ್ಚಿ ಯಾವುದೆಂದು ಗೊತ್ತಾಗದೆ ಸ್ಟ್ಯಾಂಡ್ ಮಾಡಿಸಬೇಡಿ.

ಸ್ಪೀಕರ್‌ಗಳ ಮುಖ ಎದುರಿನ ಗೋಡೆಯಿಂದ 1 ಮೀಟರ್ ಮುಂದೆ, ಎರಡರ ನಡುವೆ 2.2 ಮೀಟರ್. ಮಾಷ್ಟ್ರ ಹೆಂಡತಿಗೆ ಇದು ನಡುಕೋಣೆಗೆ ಬಂದ ಹಾಗೆ ಅನ್ನಿಸಿತು. ಅವರಿಗೆ ವಿವರಿಸಿದೆ: ಸ್ಪೀಕರಿನಿಂದ ಹಿಂದಕ್ಕೆ ಹೋದ ಬೇಸ್ ಗೋಡೆಗೆ ತಾಗಿ ಮರಳಿ ಬರುತ್ತದೆ. ಈ ದೂರ ಅಲೆಯ ಕಾಲು ಭಾಗದಷ್ಟಿದ್ದರೆ ಮರಳಿದ ಸದ್ದು ನೇರ ಸದ್ದನ್ನು ಅಳಿಸುತ್ತದೆ. 80 ಸೆಂಟಿಮೀಟರ್ ದೂರಕ್ಕೆ ಅದು 108 ಹರ್ಟ್ಸ್, ಸೀದಾ ಗಂಡಸಿನ ಮಾತಿನ ಬುಡ. 1 ಮೀಟರ್‌ಗೆ 86, ಅಲ್ಲಿ ಸಬ್ ಜೊತೆಗೂಡುತ್ತದೆ, ತಗ್ಗು ತುಂಬಿಕೊಳ್ಳುತ್ತದೆ. ಅವರು ಒಪ್ಪಿದರು. ಗುಡಿಸುವಾಗ ಬೀಳಿಸಬೇಡಿ ಎಂದು ಮಾಷ್ಟ್ರಿಗೇ ಹೇಳಿದರು, ಗುಡಿಸುವವರು ಮಾಷ್ಟ್ರು.

ಸಬ್ ಜಾಗ ಹುಡುಕಲು ಹಳೆಯ ಉಪಾಯ ಒಂದಿದೆ. ಸಬ್ಬನ್ನೇ ಕುರ್ಚಿಯ ಮೇಲಿಟ್ಟು, ತಂಬೂರ ಹಾಕಿ, ನಾವು ಗೋಡೆಗುಂಟ ನೆಲದ ಮೇಲೆ ತೆವಳುತ್ತಾ ಕೇಳುವುದು. ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಸಬ್. ಮಗಳು ಈ ಕೆಲಸ ಮಾಡಿದಳು. ಅವಳು ನಿಲ್ಲಿಸಿದ್ದು ಎಡಗೋಡೆಯ ಪಕ್ಕ, ಎದುರಿನ ಗೋಡೆಯಿಂದ ಹೆಚ್ಚುಕಡಿಮೆ 1.3 ಮೀಟರ್‌ನಲ್ಲಿ. ಅದು ಉದ್ದದ ಕಾಲು ಭಾಗ. ಅಲ್ಲಿಟ್ಟ ಸಬ್ 66 ಹರ್ಟ್ಸ್‌ನ ಗುಂಯ್ ಎಬ್ಬಿಸುವುದೇ ಇಲ್ಲ. ಕಿವಿ ಮತ್ತು ಲೆಕ್ಕ ಒಂದೇ ಜಾಗ ತೋರಿಸಿದಾಗ ನನಗೆ ನಿಜವಾಗಿ ಖುಷಿಯಾಯಿತು. ಅಲ್ಲಿಂದ ಕುರ್ಚಿಗೆ ದೂರ 3.3 ಮೀಟರ್, ಸ್ಪೀಕರ್‌ಗಳಿಗೂ ಅಷ್ಟೇ. ಆದರೂ ಸಬ್ ಒಳಗಿನ ಸರ್ಕೀಟು ಸ್ವಲ್ಪ ತಡಮಾಡುವುದರಿಂದ ಎರಡರ ಅಲೆಗಳನ್ನು ಒಟ್ಟಿಗೆ ತರುವ ಫೇಸ್ ತಿರುಪನ್ನು ಹೊಂದಿಸಬೇಕಾಯಿತು. 80 ಹರ್ಟ್ಸ್ ಸ್ವರ ಒಂದನ್ನೇ ಹಾಕಿ, ಕುರ್ಚಿಯಲ್ಲಿ ಅತಿ ಜೋರಾಗಿ ಕೇಳುವ ಕಡೆ ತಿರುಪು ನಿಲ್ಲಿಸಿದೆವು.

ಮತ್ತೆ ಅಳೆದಾಗ 66ರ ಗುಡ್ಡ 4 ಡೆಸಿಬೆಲ್‌ಗೆ ಇಳಿದಿತ್ತು. ಉಳಿದದ್ದನ್ನು ಸಬ್‌ನ ಈಕ್ಯೂನಲ್ಲಿ (ಆಯ್ದ ಸ್ವರವನ್ನಷ್ಟೇ ಏರಿಸಿ ಇಳಿಸುವ ಸೌಕರ್ಯ) ಕತ್ತರಿಸಿದೆವು. ಗುಡ್ಡ ಕತ್ತರಿಸಬಹುದು, ಗುಂಡಿ ತುಂಬಲು ಹೋಗಬಾರದು. ಅಲೆ ಅಲೆಯನ್ನು ಅಳಿಸುವ ಜಾಗಕ್ಕೆ ಎಷ್ಟು ವಾಟ್ ಸುರಿದರೂ ತುಂಬುವುದಿಲ್ಲ.

ಬಳಕೆಯಲ್ಲಿ

ಎರಡು ಬಗೆಯ ಸೆಟ್ಟಿಂಗ್ ಇಟ್ಟುಕೊಟ್ಟಿದ್ದೇನೆ. ಕ್ಯಾಸೆಟ್‌ನಿಂದ ಇಳಿಸಿದ ತಾಳಮದ್ದಳೆಗೆ ಸಬ್ ಆಫ್. ಆ ಧ್ವನಿಮುದ್ರಣಗಳ ತಳದಲ್ಲಿ 50 ಹರ್ಟ್ಸ್‌ನ ಕರೆಂಟಿನ ಗುನುಗು, ಜನರೇಟರ್ ಸದ್ದು, ಮೈಕಿಗೆ ಗಾಳಿ ಬಡಿದ ಧಬಧಬ ಇರುತ್ತದೆ. ಸಬ್ ಅದನ್ನು ನಿಷ್ಠೆಯಿಂದ ಎತ್ತಿ ತೋರಿಸುತ್ತದೆ. ಭಾಗವತರ ಪದಕ್ಕಾಗಲಿ ಅರ್ಥಕ್ಕಾಗಲಿ ಅದು ಬೇಡ. ಕಚೇರಿ ಸಿಡಿಗಳಿಗೆ ಸಬ್ ಆನ್. ರಾತ್ರಿ ಮೆಲ್ಲಗೆ ಕೇಳುವಾಗ ಸಬ್ ಸ್ವಲ್ಪ ಏರಿಸಬಹುದು. ಸದ್ದು ಕಡಿಮೆಯಾದಷ್ಟೂ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳುತ್ತದೆ ಎಂದು 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ್ದಾರೆ.

ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ಆಮೇಲೆ ಮಳೆಗಾಲ ತಾಳಮದ್ದಳೆಯ ಕಾಲ. ಮಾಷ್ಟ್ರು ಜಾಸ್ತಿ ಕೇಳುವುದೂ ಆಗಲೇ. ಟೆರೇಸ್ ಮೇಲಿನ ತಗಡಿನ ಶೀಟಿಗೆ ಮಳೆ ಬಡಿದಾಗ ಮಾತು ಮುಳುಗುತ್ತದೆ. ಆಗ ವಾಲ್ಯೂಮ್ ಏರಿಸುವ ಬದಲು ಕುರ್ಚಿಯನ್ನು ಸ್ಪೀಕರ್ ಹತ್ತಿರ ಎಳೆಯಿರಿ ಎಂದಿದ್ದೇನೆ. ಹತ್ತಿರ ಬಂದಷ್ಟೂ ನೇರ ಸದ್ದು ಜಾಸ್ತಿ, ಕೋಣೆಯ ಪಾಲು ಕಡಿಮೆ. ಗುಡುಗು ಶುರುವಾದರೆ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಡಿಶ್ ಟಿವಿಯ ಕೇಬಲ್ ರಿಸೀವರ್‌ಗೆ ಸೇರಿದ್ದರೆ ಅದನ್ನೂ ಬಿಡಿಸಬೇಕು.

ಉಳಿದಿರುವುದು ಒಂದು ಕೊರತೆ. ನಡುವಿನ ಕುರ್ಚಿಯಲ್ಲಿ ಅಗಲದ 49 ಹರ್ಟ್ಸ್ ಕಾಡುವುದಿಲ್ಲ, ಆ ಅಲೆಗೆ ನಡುಮಧ್ಯವೇ ಸೊನ್ನೆ. ಪಕ್ಕದ ಕುರ್ಚಿಯಲ್ಲಿ ಮಾಷ್ಟ್ರ ಹೆಂಡತಿಗೆ ಅದು ಸ್ವಲ್ಪ ಕೇಳುತ್ತದೆ. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎದುರುಬದುರು ಗೋಡೆಗಳಿಗೆ ಒಂದೊಂದು ಸಬ್ ಇಟ್ಟರೆ ಬೇರೆ ಬೇರೆ ಕುರ್ಚಿಗಳ ನಡುವಿನ ವ್ಯತ್ಯಾಸ ಇಳಿಯುತ್ತದೆ ಎಂದು ತೋರಿಸಿದ್ದಾರೆ. ಎರಡೂ ಸಬ್ ಒಂದೇ ಲಯದಲ್ಲಿ ನಡೆದರೆ ಅಗಲದ ಮೊದಲ ಅಲೆ ಏಳುವುದಿಲ್ಲ. ಅಡಿಕೆ ಮಾರಿದ ಮೇಲೆ ಅದೇ ಮಾದರಿಯ ಇನ್ನೊಂದು 10 ಇಂಚಿನ ಸೀಲ್ಡ್ ತರುವುದೆಂದು ನಿಶ್ಚಯವಾಗಿದೆ. ಬಲಗೋಡೆಯ ಪಕ್ಕ, 1.3 ಮೀಟರ್‌ನಲ್ಲಿ, ಅದಕ್ಕೆ ಪ್ಲಗ್ ಪಾಯಿಂಟ್ ಈಗಲೇ ಹಾಕಿಸಿದ್ದೇವೆ.